ನೆಲ ನೋಡಿ ಆರಿಸಿದ ಮೌಂಟನ್ ಬೈಕ್

ನಾನು ಹೆಚ್ಚಾಗಿ ಸೈಕಲ್ ತುಳಿಯುವುದು ನಂದಿಬೆಟ್ಟದ ಸುತ್ತಲಿನ ಹಳ್ಳಿಗಳ ನಡುವಿನ ಬಂಡಿದಾರಿಗಳಲ್ಲಿ. ಗಟ್ಟಿ ಕೆಮ್ಮಣ್ಣು, ಅದರ ಮೇಲೆ ಜಾರುವ ಸಣ್ಣ ಕಲ್ಲು, ಅಲ್ಲಲ್ಲಿ ಹಾಸುಬಂಡೆ, ಬದಿಗೆ ಜಾಲಿಮುಳ್ಳು. ಯಾವ ಮೌಂಟನ್ ಬೈಕ್ ಕೊಳ್ಳಬೇಕೆಂಬುದನ್ನು ಈ ನೆಲವೇ ತೀರ್ಮಾನಿಸಿತು.

ಈ ಸೈಕಲ್‌ಗಳನ್ನು ಮುಖ್ಯವಾಗಿ ನೆಲದ ಗುದ್ದು ಹೀರುವ ಸಸ್ಪೆನ್ಷನ್ ಎಷ್ಟು ಕುಗ್ಗುತ್ತದೆ ಎಂಬುದರ ಮೇಲೆ ವಿಂಗಡಿಸುತ್ತಾರೆ. ಕ್ರಾಸ್‌ಕಂಟ್ರಿ ಬೈಕಿನಲ್ಲಿ ಸುಮಾರು 100ರಿಂದ 120 ಮಿ.ಮೀ.; ಹಗುರ, ಏರಿಗೆ ಚುರುಕು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಸೇರಿದ್ದು ಈ ಬಗೆಯ ಸ್ಪರ್ಧೆ. ಟ್ರೈಲ್ ಬೈಕಿನಲ್ಲಿ 150ರವರೆಗೆ. ಎಂಡ್ಯುರೊ ಇಳಿಜಾರಿಗೆ ಒಗ್ಗಿದ್ದು, ಆದರೂ ತುಳಿದು ಮೇಲೇರಬಹುದು. ಸುಮಾರು 200 ಮಿ.ಮೀ. ಕುಗ್ಗುವ ಡೌನ್‌ಹಿಲ್ ಬೈಕನ್ನು ಬೆಟ್ಟದ ಮೇಲಕ್ಕೆ ವಾಹನದಲ್ಲೇ ಸಾಗಿಸುವುದು ರೂಢಿ. ನಮ್ಮ ಬಂಡಿದಾರಿಗೆ ಅದು ಬೇಡವೇ ಬೇಡ.

ನಾನು ಕೊಂಡದ್ದು ಮುಂದೆ ಮಾತ್ರ 120 ಮಿ.ಮೀ. ಸಸ್ಪೆನ್ಷನ್ ಇರುವ ಹಾರ್ಡ್‌ಟೇಲ್. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಟಮಲ್ಪಾಯಸ್ ಬೆಟ್ಟದಲ್ಲಿ ಈ ಆಟ ಕಟ್ಟಿದವರ ಹಳೆಯ ದಪ್ಪ ಟೈರಿನ ಸೈಕಲ್‌ಗಳಲ್ಲಿ ಹಿಂದಿನ ಸಸ್ಪೆನ್ಷನ್ ಇರಲಿಲ್ಲ. ಹಿಂದಿನ ಸಸ್ಪೆನ್ಷನ್ನಿಗೆ ಬೆಲೆಯೂ ಹೆಚ್ಚು, ಅದರ ಬೇರಿಂಗುಗಳ ಆರೈಕೆಯೂ ಹೆಚ್ಚು. ಅಲ್ಲಿ ಉಳಿದ ಹಣವನ್ನು ಹೈಡ್ರಾಲಿಕ್ ಡಿಸ್ಕ್ ಬ್ರೇಕಿಗೂ ಟ್ಯೂಬ್‌ಲೆಸ್ ಟೈರಿಗೂ ಹಾಕಿದೆ. ಟೈರಿನೊಳಗಿನ ಸೀಲೆಂಟ್ ದ್ರವ ಮುಳ್ಳು ಚುಚ್ಚಿದ ತೂತನ್ನು ತಾನೇ ಮುಚ್ಚುತ್ತದೆ. ಬೇಸಿಗೆಯಲ್ಲಿ ಅದು ಬೇಗ ಒಣಗುವುದರಿಂದ ಆಗಾಗ ತುಂಬುತ್ತಿರುತ್ತೇನೆ.

ಹೊಸಬರು ಸೈಕಲ್ಲಿನ ಬೆಲೆಗೆ ಕೊಡುವಷ್ಟು ಗಮನವನ್ನು ಗಾಳಿಗೂ ಕೊಡಬೇಕು. ಹೆಲ್ಮೆಟ್, ನೀರಿನ ಚೀಲ ಸಮೇತ ಸೈಕಲ್ ಏರಿದಾಗ ಮುಂದಿನ ಚಕ್ರ ಹಿಡಿದಿರುವ ಸಸ್ಪೆನ್ಷನ್ ಫೋರ್ಕ್ 25ರಿಂದ 30 ಮಿ.ಮೀ. ಇಳಿಯುವಂತೆ ಅದರೊಳಗಿನ ಗಾಳಿಯ ಒತ್ತಡ ಹೊಂದಿಸಿದ್ದೇನೆ. ಫೋರ್ಕಿನ ಕೊಳವೆಯ ಮೇಲಿನ ರಬ್ಬರ್ ಉಂಗುರ ಸರಿದ ದೂರ ಅದನ್ನು ಹೇಳುತ್ತದೆ. ಟೈರಿನ ಗಾಳಿಯನ್ನು 35 ಪಿಎಸ್‌ಐನಿಂದ 25ರ ಆಸುಪಾಸಿಗೆ ತಂದಾಗ ಚಕ್ರ ಕಲ್ಲಿನ ಮೇಲೆ ಪುಟಿಯುವುದು ನಿಂತು ನೆಲ ಹಿಡಿಯತೊಡಗಿತು. ಇದು ನನ್ನ ತೂಕಕ್ಕೆ ಹೊಂದಿದ ಲೆಕ್ಕ. ಭಾರದವರಿಗೆ ಇನ್ನಷ್ಟು ಬೇಕು, ಇಲ್ಲವಾದರೆ ರಿಮ್ ಕಲ್ಲಿಗೆ ಬಡಿಯುತ್ತದೆ.

ಇಳಿಜಾರಿನಲ್ಲಿ ಪೆಡಲ್‌ಗಳೆರಡನ್ನೂ ಸಮಮಟ್ಟದಲ್ಲಿಟ್ಟು, ಎದ್ದು ನಿಂತು, ದೇಹದ ಭಾರವನ್ನು ಪಾದಗಳ ಮೇಲೆ ಬಿಡುತ್ತೇನೆ. ಒಂದೊಂದು ಬ್ರೇಕಿಗೆ ಒಂದೇ ಬೆರಳು. ಸಡಿಲ ಕಲ್ಲು ಬರುವ ಮೊದಲೇ ವೇಗ ಇಳಿಸಿ, ಅದರ ಮೇಲೆ ಮುಂದಿನ ಬ್ರೇಕನ್ನು ಮುಟ್ಟದೆ ದಾಟುತ್ತೇನೆ. ಸೀಟು ಅಡ್ಡಬರುತ್ತಿದ್ದುದರಿಂದ ಆಮೇಲೆ ಡ್ರಾಪರ್ ಪೋಸ್ಟ್ ಹಾಕಿಸಿದೆ. ಹ್ಯಾಂಡಲ್ ಮೇಲಿನ ಗುಂಡಿ ಒತ್ತಿ ಕೂತರೆ ಸೀಟು ಕೆಳಗಿಳಿಯುತ್ತದೆ, ಏರು ಬಂದಾಗ ಮತ್ತೆ ಒತ್ತಿ ಎದ್ದರೆ ಮೇಲೆ ಬರುತ್ತದೆ. ಸೈಕಲ್ಲಿಗೆ ಸೇರಿಸಿದ ಬಿಡಿಭಾಗಗಳಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಇದೇ.