ಕಣ್ಣಿಗೆ ಕಾಣದ ಕೆಚ್ಚಲು ಬಾವು: ಕೊಟ್ಟಿಗೆಯಲ್ಲೇ ಪತ್ತೆ ಮಾಡುವುದು ಹೇಗೆ?

ಗೋವಾದಲ್ಲಿ ಮಳೆ ಹಿಡಿಯಿತೆಂದರೆ ಸೆಪ್ಟೆಂಬರ್ ಮುಗಿಯುವ ತನಕ ಕೊಟ್ಟಿಗೆಯ ನೆಲ ಒಣಗುವುದಿಲ್ಲ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ಜಾಗ ಇದು. ಒದ್ದೆ ನೆಲ, ಸಗಣಿ, ಗಂಜಲ, ಸೆಕೆ. ಕೆಚ್ಚಲು ಬಾವಿನ ರೋಗಾಣುಗಳಿಗೆ ಇದಕ್ಕಿಂತ ಇನ್ನೇನು ಬೇಕು? ಫೋಂಡಾ, ಸತ್ತರಿ, ಡಿಚೋಲಿ ಕಡೆ ಆಕಳು ಕಟ್ಟಿಕೊಂಡ ಕನ್ನಡದ ಮನೆಗಳಿವೆ. ಬೇರೆಯವರ ಕೊಟ್ಟಿಗೆಯಲ್ಲಿ ಹಾಲು ಹಿಂಡುವ ನಮ್ಮ ಹುಡುಗರೂ ಇದ್ದಾರೆ. ಈ ಲೇಖನ ಇಬ್ಬರಿಗೂ.

ಕೆಚ್ಚಲು ಬಾವು ಅಂದ ಕೂಡಲೇ ಊದಿದ ಕೆಚ್ಚಲು, ಒದೆಯುವ ಆಕಳು, ಗಡ್ಡೆ ಗಡ್ಡೆ ಹಾಲು ಕಣ್ಣ ಮುಂದೆ ಬರುತ್ತದೆ. ಅಷ್ಟು ಹೊತ್ತಿಗೆ ರೋಗ ಬಲಿತಿರುತ್ತದೆ. ಅದಕ್ಕೂ ಮೊದಲು ಒಳಗೊಳಗೇ ಇರುವ ಹಂತ ಒಂದಿದೆ. ಆಕಳು ಚೆನ್ನಾಗಿ ಮೇಯುತ್ತದೆ, ಕೆಚ್ಚಲು ಮೆತ್ತಗಿರುತ್ತದೆ, ಹಾಲೂ ಬೆಳ್ಳಗೇ ಇರುತ್ತದೆ. ಆದರೆ ಹಾಲಿನ ಅಳತೆ ಇಳಿಯುತ್ತಾ ಹೋಗುತ್ತದೆ, ಎಸ್.ಎನ್.ಎಫ್., ಅಂದರೆ ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನ ಅಂಶ, ಕೆಳಗೆ ಬರುತ್ತದೆ. ಕುರ್ಟಿಯ ಗೋವಾ ಡೇರಿಗೆ ಹಾಲು ಹಾಕುವವರಿಗೆ ಗೊತ್ತೇ ಇದೆ, ಫ್ಯಾಟ್ ಮತ್ತು ಎಸ್.ಎನ್.ಎಫ್. ನೋಡಿಯೇ ದರ. ಚೀಟಿಯಲ್ಲಿ ದುಡ್ಡು ಕಡಿಮೆ ಬಂದಾಗ ನಾವು ಹಿಂಡಿ ಸರಿ ಇಲ್ಲ ಅನ್ನುತ್ತೇವೆ, ಮೇವು ಸರಿ ಇಲ್ಲ ಅನ್ನುತ್ತೇವೆ. ಕೆಚ್ಚಲನ್ನು ಮಾತ್ರ ಪರೀಕ್ಷೆ ಮಾಡುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಮಾಡಬೇಕು. ಮಳೆಗಾಲದಲ್ಲಂತೂ ತಪ್ಪಿಸಲೇಬಾರದು.

ಏನು ಬೇಕು

ನಾಲ್ಕು ಬಟ್ಟಲು ಇರುವ ಒಂದು ಪ್ಲಾಸ್ಟಿಕ್ ತಟ್ಟೆ ಮತ್ತು ಒಂದು ಬಾಟಲಿ ದ್ರಾವಣ. ಪಶು ಔಷಧ ಅಂಗಡಿಯಲ್ಲಿ ಸಿ.ಎಂ.ಟಿ. (ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್, ಅಂದರೆ ಕೆಚ್ಚಲು ಬಾವಿನ ಪರೀಕ್ಷೆ) ಕಿಟ್ ಅಂತ ಕೇಳಿ. ಅದು ಸಿಗದಿದ್ದರೆ ಬಟ್ಟೆ ತೊಳೆಯುವ ಪುಡಿಯೇ ಸಾಕು. ಅರ್ಧ ಲೀಟರ್ ನೀರಿಗೆ 15 ಗ್ರಾಂ ಪುಡಿ ಹಾಕಿ, ನೊರೆ ಬರದ ಹಾಗೆ ನಿಧಾನವಾಗಿ ಕರಗಿಸಿ. ಅವತ್ತಿನ ದ್ರಾವಣ ಅವತ್ತೇ ಮಾಡಿಕೊಳ್ಳಿ. ತಟ್ಟೆಯ ಬದಲು ನಾಲ್ಕು ಸಣ್ಣ ಬಿಳಿ ಬಟ್ಟಲುಗಳಾದರೂ ನಡೆಯುತ್ತದೆ. ಯಾವ ಬಟ್ಟಲು ಯಾವ ಮೊಲೆಯದು ಅನ್ನುವುದು ಮಾತ್ರ ಅದಲು ಬದಲಾಗಬಾರದು.

ಪರೀಕ್ಷೆ ಮಾಡುವ ಕ್ರಮ

ಮೊದಲು ಕೈ ತೊಳೆಯಿರಿ. ಮೊಲೆಗಳನ್ನು ತೊಳೆದು ಒಣಬಟ್ಟೆಯಲ್ಲಿ ಒರೆಸಿ. ಪ್ರತಿ ಮೊಲೆಯಿಂದ ಮೊದಲ ಮೂರು ನಾಲ್ಕು ಧಾರೆಯನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಹಿಂಡಿ. ಸಣ್ಣ ಸಣ್ಣ ಚೂರು, ನೀರಿನಂಥ ಹಾಲು, ರಕ್ತದ ಎಳೆ ಇದ್ದರೆ ಕಪ್ಪಿನ ಮೇಲೆ ತಕ್ಷಣ ಕಾಣುತ್ತದೆ. ಈ ಹಾಲನ್ನು ನೆಲಕ್ಕೆ ಹಿಂಡಬೇಡಿ. ಅದರಲ್ಲಿರುವ ರೋಗಾಣು ಪಕ್ಕದ ಆಕಳಿಗೆ ಅಲ್ಲಿಂದಲೇ ಹತ್ತುತ್ತದೆ.

ಆಮೇಲೆ ತಟ್ಟೆ ಹಿಡಿಯಿರಿ. ಒಂದೊಂದು ಮೊಲೆಯ ಹಾಲು ಒಂದೊಂದು ಬಟ್ಟಲಿಗೆ, ಅರ್ಧ ಚಮಚದಷ್ಟು ಸಾಕು. ಹಾಲಿನಷ್ಟೇ ದ್ರಾವಣ ಹಾಕಿ. ಕಿಟ್‌ನ ದ್ರಾವಣವಾದರೆ ಹತ್ತು ಹದಿನೈದು ಸೆಕೆಂಡ್, ಸೋಪಿನ ಪುಡಿಯದಾದರೆ ಒಂದು ನಿಮಿಷ, ತಟ್ಟೆಯನ್ನು ಮಟ್ಟಸವಾಗಿ ಹಿಡಿದು ಗುಂಡಗೆ ತಿರುಗಿಸಿ.

ಈಗ ತಟ್ಟೆಯನ್ನು ಸ್ವಲ್ಪ ಓರೆ ಮಾಡಿ ನೋಡಿ. ಒಳ್ಳೆಯ ಹಾಲು ನೀರಾಗಿಯೇ ಹರಿಯುತ್ತದೆ. ಸೋಂಕು ಶುರುವಾಗಿದ್ದರೆ ತಳದಲ್ಲಿ ಸಣ್ಣಗೆ ಲೋಳೆ ಎಳೆಯುತ್ತದೆ. ಸೋಂಕು ಜೋರಾಗಿದ್ದರೆ ಇಡೀ ಹಾಲು ಮೊಟ್ಟೆಯ ಬಿಳಿಯ ಹಾಗೆ ಗಟ್ಟಿಯಾಗಿ, ನಡುವೆ ಗುಪ್ಪೆಯಾಗಿ ನಿಲ್ಲುತ್ತದೆ. ಹೀಗೇಕೆ ಆಗುತ್ತದೆ? ರೋಗಾಣು ಒಳಗೆ ಹೊಕ್ಕ ಕೂಡಲೇ ರಕ್ತದ ಬಿಳಿ ಕಣಗಳು ಕೆಚ್ಚಲಿಗೆ ನುಗ್ಗಿ ಹೋರಾಡುತ್ತವೆ. ಸೋಪು ಆ ಕಣಗಳನ್ನು ಒಡೆಯುತ್ತದೆ. ಒಡೆದ ಕಣದೊಳಗಿನ ಡಿ.ಎನ್.ಎ. ಹೊರಬಂದು ಲೋಳೆಯಾಗುತ್ತದೆ. ಲೋಳೆ ಜಾಸ್ತಿ ಇದ್ದಷ್ಟೂ ಒಳಗಿನ ಹೋರಾಟ ಜೋರು.

ವಾಳಪೈ ಹತ್ತಿರದ ಕೊಟ್ಟಿಗೆಯೊಂದರಲ್ಲಿ ಸವದತ್ತಿ ಕಡೆಯ ಹುಡುಗನೊಬ್ಬ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ) ಆಕಳೊಂದನ್ನು ತೋರಿಸಿ, "ಇದಕ್ಕೇನೂ ಆಗಿಲ್ರಿ ಅಣ್ಣಾರ, ನಿನ್ನೇನೂ ಪೂರ್ತಿ ಹಾಲು ಕೊಟ್ಟೈತಿ" ಅಂದ. ತಟ್ಟೆ ತಿರುಗಿಸಿದಾಗ ಮೂರು ಬಟ್ಟಲಿನ ಹಾಲು ಹರಿಯಿತು. ಹಿಂದಿನ ಎಡ ಮೊಲೆಯದು ಹರಿಯಲಿಲ್ಲ, ತಳಕ್ಕೆ ಅಂಟಿ ನಿಂತಿತು. ಅವನು ಕೆಚ್ಚಲು ಮುಟ್ಟಿ ನೋಡಿದ. ಬಿಸಿ ಇರಲಿಲ್ಲ, ಗಟ್ಟಿಯೂ ಇರಲಿಲ್ಲ. ತಟ್ಟೆ ತೊಳೆದುಕೊಂಡು ತಾನೇ ಮುಂದಿನ ಆಕಳ ಹತ್ತಿರ ಹೋದ. ದಿನಕ್ಕೆ ಎರಡು ಸಲ ಕೆಚ್ಚಲು ಮುಟ್ಟುವವನು ಅವನೇ ಅಲ್ವಾ? ಈ ಪರೀಕ್ಷೆ ಅವನ ಕೈಯಲ್ಲೇ ಇರಬೇಕು, ವಾರಕ್ಕೊಮ್ಮೆ ಬಂದು ಹೋಗುವ ಮಾಲೀಕರ ಕೈಯಲ್ಲಲ್ಲ.

ಎರಡು ಎಚ್ಚರಿಕೆ. ಕರು ಹಾಕಿದ ಮೊದಲ ಐದು ದಿನ ಈ ಪರೀಕ್ಷೆ ಬೇಡ, ಗಿಣ್ಣು ಹಾಲು ಸುಮ್ನೆ ಲೋಳೆ ತೋರಿಸುತ್ತದೆ. ಇನ್ನೊಂದು, ಹಾಲು ಉಪ್ಪಾಗಿದೆಯೇ ಅಂತ ನಾಲಿಗೆಗೆ ಹಚ್ಚಿ ನೋಡುವವರಿದ್ದಾರೆ. ಬಾವು ಬಂದ ಹಾಲು ಉಪ್ಪಾಗುವುದು ನಿಜ. ಆದರೆ ಹಸಿ ಹಾಲಿನಿಂದ ಬ್ರುಸೆಲ್ಲೋಸಿಸ್‌ನಂಥ ಜ್ವರದ ರೋಗ ಮನುಷ್ಯರಿಗೆ ಬರುತ್ತದೆ. ದಯವಿಟ್ಟು ಅದನ್ನು ಬಿಡಿ.

ಲೋಳೆ ಕಂಡರೆ

ಆ ಆಕಳನ್ನು ಎಲ್ಲಕ್ಕಿಂತ ಕೊನೆಗೆ ಹಿಂಡಿ. ಆ ಮೊಲೆಯನ್ನು ಕಟ್ಟಕಡೆಗೆ. ಅದರ ಹಾಲು ಕ್ಯಾನಿಗೆ ಸೇರಬಾರದು. ಮೊಲೆಯಲ್ಲಿ ಹಾಲು ಉಳಿಯದ ಹಾಗೆ ಪೂರ್ತಿ ಹಿಂಡಿ ತೆಗೆಯಿರಿ.

ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಹೇಳಿಕೊಡುವ ಒಂದು ಮನೆಮದ್ದು ಇದೆ. ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ತಿನ್ನುವ ಸುಣ್ಣ 15 ಗ್ರಾಂ. ಮೂರನ್ನೂ ಸೇರಿಸಿ ರುಬ್ಬಿದರೆ ಕೆಂಪು ಬಣ್ಣಕ್ಕೆ ತಿರುಗುತ್ತದೆ. ಒಂದು ಹಿಡಿ ತೆಗೆದುಕೊಂಡು ನೀರಲ್ಲಿ ತೆಳ್ಳಗೆ ಮಾಡಿ, ಕೆಚ್ಚಲು ತೊಳೆದು ಪೂರ್ತಿ ಹಚ್ಚಿ. ದಿನಕ್ಕೆ ಎಂಟು ಹತ್ತು ಸಲ, ಐದು ದಿನ. ಒಂದೆರಡು ಸಲ ಹಚ್ಚಿ ಗುಣ ಬರಲಿಲ್ಲ ಅನ್ನುವವರೇ ಜಾಸ್ತಿ. ಕೆಲಸ ಇರುವುದೇ ಮತ್ತೆ ಮತ್ತೆ ಹಚ್ಚುವುದರಲ್ಲಿ.

ಜ್ವರ ಬಂದರೆ, ಮೇವು ಬಿಟ್ಟರೆ, ಹಾಲಲ್ಲಿ ರಕ್ತ ಕಂಡರೆ ಮನೆಮದ್ದು ನಂಬಿ ಕೂರಬೇಡಿ. ಅವತ್ತೇ ಪಶುವೈದ್ಯರನ್ನು ಕರೆಸಿ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ. ಆಂಟಿಬಯಾಟಿಕ್ ಕೊಡುವ ಮೊದಲೇ ಹಾಲಿನ ಮಾದರಿ ತೆಗೆದು ಪರೀಕ್ಷೆಗೆ ಕಳಿಸಿದರೆ ಯಾವ ಔಷಧ ನಾಟುತ್ತದೆ ಅಂತ ಗೊತ್ತಾಗುತ್ತದೆ. ಅಂಗಡಿಯವರು ಕೊಟ್ಟ ಔಷಧದ ಟ್ಯೂಬನ್ನು ಮೊಲೆಯೊಳಗೆ ನೀವೇ ಏರಿಸಬೇಡಿ. ವೈದ್ಯರು ಹೇಳಿದಷ್ಟು ದಿನ ಔಷಧ ಪೂರ್ತಿ ಕೊಡಿ, ಅವರು ಹೇಳಿದಷ್ಟು ದಿನ ಹಾಲು ಮಾರಬೇಡಿ. ಆ ಹಾಲು ಯಾರದೋ ಮನೆಯ ಮಗುವಿನ ಲೋಟಕ್ಕೆ ಹೋಗುತ್ತದೆ.

ಬರದಂತೆ ತಡೆಯುವುದು

ಮಳೆಗಾಲದಲ್ಲಿ ಇಡೀ ಕೆಚ್ಚಲಿಗೆ ಪೈಪಿನಲ್ಲಿ ನೀರು ಹೊಡೆದು, ಹಾಗೇ ಹಿಂಡಲು ಕೂರುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಮೇಲಿನ ಕೊಳೆ ನೀರೆಲ್ಲ ಇಳಿದು ಮೊಲೆಯ ತುದಿಗೆ ಬಂದು ನಿಲ್ಲುತ್ತದೆ. ಮೊಲೆ ಮಾತ್ರ ತೊಳೆಯಿರಿ, ಒಣಗಿಸಿ ಹಿಂಡಿ. ಒಂದು ಆಕಳಿಗೆ ಒಂದು ಬಟ್ಟೆ. ಹೆಬ್ಬೆರಳು ಮಡಚಿ ಎಳೆಯಬೇಡಿ, ಮೊಲೆಯ ಒಳಗೆ ಗಾಯವಾಗುತ್ತದೆ. ಮುಷ್ಟಿ ಹಿಡಿದು ಹಿಂಡಿ. ಬೆರಳಿಗೆ ಎಂಜಲು, ಹಾಲು ಹಚ್ಚುವುದು ಬೇಡವೇ ಬೇಡ.

ಹಿಂಡಿದ ಕೂಡಲೇ ಪ್ರತಿ ಮೊಲೆಯನ್ನೂ ಪೊವಿಡೋನ್ ಅಯೋಡಿನ್ ದ್ರಾವಣದಲ್ಲಿ ಅದ್ದಿ. ಅಂಗಡಿಯಲ್ಲಿ ಶೇಕಡಾ 5ರದ್ದು ಕೇಳಿ. ಚರ್ಮ ಒಡೆಯದಿರಲು ಸ್ವಲ್ಪ ಗ್ಲಿಸರಿನ್ ಬೆರೆಸಿ. ಮೊಲೆಯ ತೂತು ಮುಚ್ಚಿಕೊಳ್ಳಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅಷ್ಟು ಹೊತ್ತು ಆಕಳು ಮಲಗಬಾರದು. ಹಸಿ ಮೇವನ್ನು ಹಿಂಡುವ ಮೊದಲು ಹಾಕುವ ಬದಲು ಹಿಂಡಿದ ಮೇಲೆ ಹಾಕಿ. ತಿನ್ನುತ್ತಾ ನಿಂತೇ ಇರುತ್ತದೆ.

ಗಬ್ಬದ ಆಕಳ ಹಾಲನ್ನು ಕರು ಹಾಕುವ ಎರಡು ತಿಂಗಳು ಮೊದಲೇ ಬತ್ತಿಸಿ. ಆಗ ನಾಲ್ಕೂ ಮೊಲೆಗೆ ಔಷಧ ತುಂಬಿಸುವ ಬಗ್ಗೆ ವೈದ್ಯರನ್ನು ಕೇಳಿ. ಹಳೆಯ ಸೋಂಕು ವಾಸಿ ಮಾಡಲು ಅದೇ ಒಳ್ಳೆಯ ಸಮಯ.

ಹೊಸ ಆಕಳು ತರಲು ಬೆಳಗಾವಿ, ಕೊಲ್ಹಾಪುರ ಕಡೆ ಹೋದರೆ ತಟ್ಟೆಯನ್ನೂ ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಹಲ್ಲು ನೋಡುತ್ತೇವೆ, ಕಾಲು ನೋಡುತ್ತೇವೆ, ಎರಡು ಹೊತ್ತು ಹಿಂಡಿಸಿ ಹಾಲಿನ ಅಳತೆ ನೋಡುತ್ತೇವೆ. ಅದರ ಜೊತೆ ನಾಲ್ಕೂ ಮೊಲೆಯ ಹಾಲನ್ನು ಬಟ್ಟಲಿಗೆ ಹಿಂಡಿ ತಿರುಗಿಸಿ ನೋಡಿ, ಆಮೇಲೆ ದುಡ್ಡು ಎಣಿಸಿ. ಈಗಷ್ಟೇ ಕರು ಹಾಕಿದ ಆಕಳಾದರೆ ಐದು ದಿನ ಬಿಟ್ಟು ಬಂದು ನೋಡುತ್ತೇವೆ ಅಂತ ಮಾರುವವರಿಗೆ ಹೇಳಿ.