ಆಫೀಸಿನ ಸರ್ಚ್: ಕಟ್ಟುವ ಮೊದಲು ಅಳೆಯಬೇಕಾಯಿತು

ಕಂಪನಿಯೊಳಗಿನ ಸರ್ಚ್ ಮೇಲೆ ಬರುವ ದೂರು ಹೆಚ್ಚುಕಮ್ಮಿ ಎಲ್ಲ ಕಡೆಯೂ ಒಂದೇ. ‘ಗೂಗಲ್‌ನಲ್ಲಿ ಏನು ಬೇಕಾದರೂ ಸಿಗುತ್ತೆ, ನಮ್ಮದೇ ಫೈಲ್ ನಮಗೆ ಸಿಗಲ್ಲ ಅಂದ್ರೆ ಹೇಗೆ?’ ಸಿಟ್ಟು ನ್ಯಾಯವಾದದ್ದೇ. ಆದರೆ ಹೋಲಿಕೆ ಸರಿಯಿಲ್ಲ. 1998ರಲ್ಲಿ ಗೂಗಲ್ ಶುರುವಾದಾಗ ಅದರ ಬಲವೆಲ್ಲ ಲಿಂಕ್‌ಗಳಲ್ಲಿತ್ತು. ಒಂದು ಪುಟಕ್ಕೆ ಯಾವ ಯಾವ ಪುಟಗಳಿಂದ ಲಿಂಕ್ ಇದೆ ಅನ್ನುವುದರ ಮೇಲೆ ಅದರ ತೂಕ. ಫೋಲ್ಡರಿನ ಮೂಲೆಯಲ್ಲಿ ಬಿದ್ದಿರುವ ಒಪ್ಪಂದದ ಫೈಲಿಗೆ ಯಾರು ಲಿಂಕ್ ಕೊಡುತ್ತಾರೆ? ಕೋಟಿಗಟ್ಟಲೆ ಜನರ ಕ್ಲಿಕ್ಕೂ ಇಲ್ಲಿ ಸಿಗುವುದಿಲ್ಲ. ಹೊರಗೆ ಹತ್ತು ಪುಟಗಳಲ್ಲಿ ಯಾವುದು ಸಿಕ್ಕರೂ ನಡೆಯುತ್ತದೆ. ಆಫೀಸಿನಲ್ಲಿ ಬೇಕಾದದ್ದು ಒಂದೇ ಒಂದು ಫೈಲ್, ಅದೂ ಸರಿಯಾದ ಆವೃತ್ತಿ.

ಈ ಕೆಲಸ ನನ್ನ ಕೈಗೆ ಬಂದಾಗ ಯಾವ ಸರ್ಚ್ ಎಂಜಿನ್ ಕೊಳ್ಳಬೇಕು ಅನ್ನುವ ಚರ್ಚೆಯನ್ನು ಪಕ್ಕಕ್ಕಿಟ್ಟು ಹಳೆಯ ಸರ್ಚಿನ ಲಾಗ್ ತೆಗೆಸಿದೆ. ಜನ ನಿಜಕ್ಕೂ ಏನು ಟೈಪ್ ಮಾಡುತ್ತಾರೆ ಅಂತ ನೋಡಬೇಕಿತ್ತು. ಒಂದು ಪದ, ಎರಡು ಪದ. ಬಿಡಿಭಾಗದ ನಂಬರ್, ಗ್ರಾಹಕರ ಹೆಸರು, ಫಾರ್ಮಿನ ಹೆಸರು. ಪೂರ್ತಿ ಪ್ರಶ್ನೆ ಬರೆಯುವವರು ತೀರಾ ಕಡಿಮೆ. (ಮಾರುವವರ ಡೆಮೊದಲ್ಲಿ ಮಾತ್ರ ಎಲ್ಲರೂ ಅಂದವಾದ, ಉದ್ದನೆಯ ಪ್ರಶ್ನೆಗಳನ್ನೇ ಕೇಳುತ್ತಾರೆ.) ಆ ಲಾಗಿನಿಂದ 200ರ ಆಸುಪಾಸು ಕ್ವೆರಿ, ಅಂದರೆ ಜನ ಹುಡುಕಲು ಟೈಪ್ ಮಾಡಿದ್ದನ್ನು, ಆರಿಸಿದೆ. ದಿನಾ ಬರುವವು ಕೆಲವು, ಅಪರೂಪಕ್ಕೆ ಬರುವವು ಜಾಸ್ತಿ, ಏನೂ ಸಿಗದೆ ಸೋತವು ಒಂದಷ್ಟು. ದಿನಾ ಬರುವವನ್ನೇ ತೆಗೆದುಕೊಂಡರೆ ಅಂಕ ಚೆನ್ನಾಗಿ ಬರುತ್ತದೆ, ದೂರು ಹಾಗೇ ಉಳಿಯುತ್ತದೆ.

ಈ ವಿಧಾನ ನನ್ನದಲ್ಲ. 1960ರ ದಶಕದಲ್ಲಿ ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್‌ನಲ್ಲಿ ಸಿರಿಲ್ ಕ್ಲೆವರ್ಡನ್ ವಿಮಾನಶಾಸ್ತ್ರದ 1400 ಲೇಖನ ಇಟ್ಟುಕೊಂಡು ಇದನ್ನೇ ಮಾಡಿದರು. ಲೇಖನಗಳು, ಪ್ರಶ್ನೆಗಳು, ಯಾವ ಪ್ರಶ್ನೆಗೆ ಯಾವ ಲೇಖನ ಸರಿ ಅನ್ನುವ ತೀರ್ಪು. ಈ ಮೂರಿದ್ದರೆ ಯಾವ ಎಂಜಿನ್ ಬೇಕಾದರೂ ಅಳೆಯಬಹುದು. 1992ರಲ್ಲಿ ಶುರುವಾದ, ಸರ್ಚ್ ಎಂಜಿನ್ನುಗಳನ್ನು ಹೋಲಿಸುವ ಟ್ರೆಕ್ ಸ್ಪರ್ಧೆ ಇದನ್ನೇ ದೊಡ್ಡದು ಮಾಡಿತು. ಲಕ್ಷಗಟ್ಟಲೆ ಫೈಲುಗಳನ್ನು ಯಾರೂ ಪೂರ್ತಿ ಓದಲಾರರಲ್ಲ? ಹಾಗಾಗಿ ಪ್ರತಿ ಎಂಜಿನ್ ತನ್ನ ಪಟ್ಟಿಯ ಮೇಲ್ಭಾಗಕ್ಕೆ ತಂದ ಫೈಲುಗಳನ್ನು ಮಾತ್ರ ಒಟ್ಟು ಹಾಕಿ ತೀರ್ಪು ಕೊಡಿಸುತ್ತಾರೆ. ನಾನೂ ಹಳೆಯ ಎಂಜಿನ್ನಿನ ಮೊದಲ ಹತ್ತು, ಹೊಸದರ ಮೊದಲ ಹತ್ತು ಬೆರೆಸಿ, ಯಾವುದು ಎಲ್ಲಿಂದ ಬಂತು ಅಂತ ಮುಚ್ಚಿಟ್ಟು, ಆಯಾ ವಿಭಾಗದವರ ಮುಂದಿಟ್ಟೆ. ಸೊನ್ನೆಯಿಂದ ಮೂರರವರೆಗೆ ಅಂಕ. ತೀರ್ಪು ಕೊಡುವವರು ಆ ಕಾಗದದ ಜೊತೆ ದಿನಾ ಏಗುವವರೇ ಆಗಬೇಕು. ಕಂಪ್ಯೂಟರ್ ತಂಡದವರು ಕೊಟ್ಟ ಅಂಕಕ್ಕೆ ಬೆಲೆ ಇಲ್ಲ.

ಕೆಲವು ಕ್ವೆರಿಗಳನ್ನು ಇಬ್ಬರಿಗೆ ಕೊಟ್ಟಿದ್ದೆ. ಇಬ್ಬರೂ ಎಷ್ಟರಮಟ್ಟಿಗೆ ಒಪ್ಪುತ್ತಾರೆ ಅಂತ ನೋಡೋಕೆ. ಒಪ್ಪಿದ ಕಡೆಗಿಂತ ಒಪ್ಪದ ಕಡೆಯೇ ಜಾಸ್ತಿ ಕಲಿತೆ. ‘ಒಪ್ಪಂದ ನಮೂನೆ’ ಅಂತ ಹುಡುಕಿದರೆ ಕಾನೂನು ವಿಭಾಗಕ್ಕೆ ಬೇಕಾದದ್ದು ಈಗ ಚಾಲ್ತಿಯಲ್ಲಿರುವ ಖಾಲಿ ನಮೂನೆ. ಮಾರಾಟ ವಿಭಾಗದವರಿಗೆ ಹಿಂದಿನ ಗ್ರಾಹಕರಿಗೆ ಭರ್ತಿ ಮಾಡಿದ ಪ್ರತಿ ಬೇಕು, ಅದನ್ನೇ ತಿದ್ದಿ ಕಳಿಸೋಕೆ. ಇಬ್ಬರ ಅಂಕವೂ ಸರಿ. ಇಂಥ ಕಡೆ ಯಾವ ಫೈಲ್ ಮೇಲೆ, ಯಾವುದು ಕೆಳಗೆ ಅನ್ನುವ ರ‍್ಯಾಂಕಿಂಗ್ ಎಷ್ಟು ತಿದ್ದಿದರೂ ಒಬ್ಬರಿಗೆ ನಷ್ಟವೇ. ಹುಡುಕುವವರ ವಿಭಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಇಲ್ಲವೇ ‘ನಮೂನೆ’, ‘ಭರ್ತಿಯಾದದ್ದು’ ಅಂತ ಎರಡು ಫಿಲ್ಟರ್ ಕೊಡಬೇಕು. ನಾವು ಫಿಲ್ಟರ್ ಕೊಟ್ಟೆವು.

ಅಳತೆಗೋಲೂ ಒಂದೇ ಸಾಲದು. ಒಂದೇ ಫೈಲ್ ಬೇಕಾದ ಕ್ವೆರಿಗಳಿಗೆ, ಸರಿಯಾದ ಫೈಲ್ ಎಷ್ಟನೆಯದಾಗಿ ಬಂತು ಅಂತ ಅಳೆಯುವ ಎಂಆರ್‌ಆರ್ ಸಾಕು. ಸರಿಯಾದದ್ದು ಮೊದಲಿಗೆ ಬಂದರೆ 1, ಎರಡನೆಯದಾದರೆ 0.5, ಮೂರನೆಯದಾದರೆ 0.33. ಒಂದು ವಿಷಯದ ಬಗ್ಗೆ ಹಲವು ಫೈಲ್ ಬೇಕಾದಾಗ ಇಡೀ ಪಟ್ಟಿಯ ಕ್ರಮವನ್ನು ಅಳೆಯುವ ಎನ್‌ಡಿಸಿಜಿ. ಅದರಲ್ಲಿ ಮೊದಲ ಸ್ಥಾನಕ್ಕೆ ಪೂರ್ತಿ ತೂಕ, ಮೂರನೆಯದಕ್ಕೆ ಅರ್ಧ, ಏಳನೆಯದಕ್ಕೆ ಮೂರನೇ ಒಂದು. ಆಡಿಟ್‌ನವರ ವಿಷಯ ಬೇರೆ. ಅವರಿಗೆ ಕ್ರಮ ಮುಖ್ಯವಲ್ಲ, ಒಂದು ಕಾಗದವೂ ತಪ್ಪಬಾರದು. ಅಂದರೆ ರಿಕಾಲ್, ಬೇಕಾದವುಗಳಲ್ಲಿ ಎಷ್ಟು ಸಿಕ್ಕವು ಅನ್ನುವ ಅಳತೆ. ಮೂರನ್ನೂ ಕೂಡಿಸಿ ಒಂದು ಸರಾಸರಿ ಮಾಡಿ ಅಂತ ಮೇಲಿನವರು ಕೇಳಿದ್ದರು, ನಾನು ಕೊಡಲಿಲ್ಲ. ಬದಲಿಗೆ ಪ್ರತಿ ಬದಲಾವಣೆಗೂ ಯಾವ ಕ್ವೆರಿ ಮೇಲೆದ್ದಿತು, ಯಾವುದು ಬಿತ್ತು ಅನ್ನುವ ಪಟ್ಟಿ ಕೊಡುತ್ತಿದ್ದೆ. ಸರಾಸರಿ ಏರಿದ್ದರೂ ರಜೆ ಅರ್ಜಿಯ ಫಾರ್ಮ್ ಕಾಣೆಯಾಗಿದ್ದರೆ ಎಲ್ಲರ ಫೋನೂ ಬರುವುದು ಅದಕ್ಕೇ.

ಇನ್ನು ಎಂಜಿನ್ ಬಗ್ಗೆ. ನಾವು ಕಟ್ಟಿದ್ದು ಲೂಸೀನ್ ಅನ್ನುವ ಸರ್ಚ್ ತಂತ್ರಾಂಶದ ಮೇಲೆ. 2016ರ ಆರನೇ ಆವೃತ್ತಿಯಿಂದ ಅದರ ರ‍್ಯಾಂಕಿಂಗ್ ಬಿಎಂ25 ಸೂತ್ರ, ಹುಡುಕಿದ ಪದ ಫೈಲಿನಲ್ಲಿ ಎಷ್ಟು ಬಂದಿದೆ ಅಂತ ನೋಡಿ ಅಂಕ ಕೊಡುವಂಥದ್ದು. ಅದರಲ್ಲಿ ತಿರುಗಿಸಬಹುದಾದ ಎರಡು ಸಂಖ್ಯೆ ಇವೆ. ಒಂದು 1.2, ಪದ ಮತ್ತೆ ಮತ್ತೆ ಬಂದರೆ ಎಷ್ಟು ಲಾಭ ಅನ್ನುವುದಕ್ಕೆ. ಇನ್ನೊಂದು 0.75, ಉದ್ದದ ಫೈಲಿಗೆ ಎಷ್ಟು ದಂಡ ಅನ್ನುವುದಕ್ಕೆ. ಅವನ್ನು ತಿರುಗಿಸಿ ಬಂದ ಲಾಭ ಅಷ್ಟಕ್ಕಷ್ಟೇ. ಶೀರ್ಷಿಕೆಯಲ್ಲಿ ಪದ ಸಿಕ್ಕರೆ ಜಾಸ್ತಿ ತೂಕ ಕೊಟ್ಟಿದ್ದು ಅದಕ್ಕಿಂತ ಕೆಲಸಕ್ಕೆ ಬಂತು.

ದೊಡ್ಡ ಲಾಭ ಬಂದಿದ್ದು ಬೇರೆ ಕಡೆಯಿಂದ. ‘ಎಬಿ-1204/ಸಿ’ ಅನ್ನುವ ಬಿಡಿಭಾಗದ ನಂಬರನ್ನು ಎಂಜಿನ್ ಅಡ್ಡಗೆರೆ, ಓರೆಗೆರೆ ಇದ್ದಲ್ಲೆಲ್ಲ ಕತ್ತರಿಸಿ ಮೂರು ತುಂಡು ಮಾಡುತ್ತಿತ್ತು. ಆಮೇಲೆ 1204 ಅಂತ ಎಲ್ಲೇ ಇದ್ದರೂ, ಬಿಲ್ಲಿನ ಮೊತ್ತವಾದರೂ ಸರಿ, ಎಳೆದು ತರುತ್ತಿತ್ತು. ನಂಬರನ್ನು ಇಡಿಯಾಗಿ ಒಂದು ಕಡೆ, ಗೆರೆ ತೆಗೆದು ಇನ್ನೊಂದು ಕಡೆ ಇಂಡೆಕ್ಸ್ ಮಾಡಿದ (ಎಂಜಿನ್ ಹುಡುಕುವ ಪಟ್ಟಿಗೆ ಸೇರಿಸಿದ) ಮೇಲೆ ಆ ಗುಂಪಿನ ಕ್ವೆರಿಗಳು ಒಂದೇ ಏಟಿಗೆ ಸರಿಹೋದವು. ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳ ಒಳಗೆ ಅಕ್ಷರವೇ ಇರಲಿಲ್ಲ, ಬರೀ ಚಿತ್ರ. ಅವಕ್ಕೆ ಚಿತ್ರದಿಂದ ಅಕ್ಷರ ಓದುವ ಓಸಿಆರ್ ಹಾಕಿಸಿದೆವು. ‘ಫೈನಲ್’, ‘ಫೈನಲ್ 2’, ‘ನಿಜವಾದ ಫೈನಲ್’ ಅನ್ನುವ ಅವಳಿಗಳನ್ನು ಒಂದು ಗುಂಪು ಮಾಡಿ ಹೊಸದನ್ನು ಮಾತ್ರ ಮುಂದಿಟ್ಟೆವು. ಹೊಸದು ಯಾವುದು ಅಂತ ತಿಳಿಯೋಕೆ ಫೈಲಿನ ತಾರೀಕು ನಂಬಬೇಡಿ. ಹಳೆಯ ಸರ್ವರಿನಿಂದ ಹೊಸದಕ್ಕೆ ನಕಲು ಮಾಡಿದ ದಿನವೇ ಸಾವಿರಾರು ಫೈಲುಗಳ ತಾರೀಕಾಗಿರುತ್ತದೆ. ಕಾಗದದ ಒಳಗೆ ಬರೆದಿರುವ ತಾರೀಕು ಹುಡುಕಬೇಕು.

ಪದದ ಬದಲು ಅರ್ಥ ಎಷ್ಟು ಹತ್ತಿರ ಅಂತ ನೋಡುವ ವೆಕ್ಟರ್ ಸರ್ಚ್ ಬೇಡವೇ ಅಂತ ಕೇಳುತ್ತಾರೆ. ಬೇಕು, ಆದರೆ ಅದೊಂದೇ ಸಾಲದು. ಪದ ಬೇರೆ, ಅರ್ಥ ಒಂದೇ ಇರುವಾಗ ಅದು ಚೆನ್ನಾಗಿ ಹಿಡಿಯುತ್ತದೆ. ಆದರೆ 1204 ಕೇಳಿದವರಿಗೆ 1205 ತಂದುಕೊಟ್ಟು ಎರಡೂ ಹತ್ತಿರ ಹತ್ತಿರವೇ ಅಲ್ವಾ ಅನ್ನುವ ಜಾತಿ ಅದು. ಬಿಎಂ25 ಕೊಟ್ಟ ಪಟ್ಟಿ, ವೆಕ್ಟರ್ ಸರ್ಚ್ ಕೊಟ್ಟ ಪಟ್ಟಿ ಎರಡನ್ನೂ ಸ್ಥಾನದ ಲೆಕ್ಕದಲ್ಲಿ ಬೆರೆಸಿದೆವು. 2009ರಲ್ಲಿ ಪ್ರಕಟವಾದ ಆರ್‌ಆರ್‌ಎಫ್ ಅನ್ನುವ ಸರಳ ವಿಧಾನ: ಪ್ರತಿ ಪಟ್ಟಿಯಲ್ಲೂ ಫೈಲಿನ ಸ್ಥಾನಕ್ಕೆ 60 ಕೂಡಿಸಿ, ಅದರಿಂದ ಒಂದನ್ನು ಭಾಗಿಸಿ, ಬಂದದ್ದನ್ನೆಲ್ಲ ಸೇರಿಸುವುದು. ಇಷ್ಟು ಸುಲಭದ್ದು ಇಷ್ಟು ಚೆನ್ನಾಗಿ ನಡೆಯುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ತಲೆ ತಿಂದದ್ದು ಮಾತ್ರ ಅನುಮತಿಯ ವಿಷಯ. ಯಾರು ಯಾವ ಫೈಲ್ ನೋಡಬಹುದು ಅನ್ನುವುದನ್ನು ಫಲಿತಾಂಶ ಬಂದ ಮೇಲೆ ಸೋಸಿದರೆ ಸಾಲದು. ‘12 ಫಲಿತಾಂಶ’ ಅಂತ ತೋರಿಸಿ ಪಟ್ಟಿಯಲ್ಲಿ ಮೂರೇ ಇದ್ದರೆ ಒಳಗೆ ಏನೋ ಮುಚ್ಚಿಟ್ಟಿದ್ದಾರೆ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಟೈಪ್ ಮಾಡುತ್ತಿರುವಾಗ ಬರುವ ಸಲಹೆಗಳು ಇನ್ನೂ ಅಪಾಯ. ಸಹೋದ್ಯೋಗಿಯ ಹೆಸರು ಹೊಡೆದರೆ ಮುಂದೆ ‘ವಜಾ ಪತ್ರ’ ಅಂತ ಬಂದುಬಿಟ್ಟರೆ? ಹಾಗಾಗಿ ಅನುಮತಿಯನ್ನೂ ಇಂಡೆಕ್ಸಿನಲ್ಲೇ ಇಟ್ಟು, ಹುಡುಕುವಾಗಲೇ ಸೋಸಿ, ಸಲಹೆಗಳಿಗೂ ಅದೇ ಜರಡಿ ಹಿಡಿದೆವು. ಇಷ್ಟಾದರೂ ಸಂಬಳದ ಪಟ್ಟಿಯೊಂದು ಮೇಲೆ ಬಂತು. ವಿಚಾರಿಸಿದರೆ ಆ ಫೋಲ್ಡರ್ ವರ್ಷಗಳಿಂದ ಎಲ್ಲರಿಗೂ ತೆರೆದೇ ಇತ್ತು. ಬೈಗುಳ ಮಾತ್ರ ಸರ್ಚಿಗೆ. ಹೊಸ ಸರ್ಚ್ ತೆರೆಯುವ ಮೊದಲು ‘ಸಂಬಳ’, ‘ಪಾಸ್‌ವರ್ಡ್’, ‘ಗೌಪ್ಯ’ ಅಂತ ಸಾಮಾನ್ಯ ಉದ್ಯೋಗಿಯ ಲಾಗಿನ್‌ನಿಂದ ನೀವೇ ಹುಡುಕಿ ನೋಡಿ. ಅಳತೆಗೂ ಇದರ ಬಿಸಿ ತಟ್ಟುತ್ತದೆ: ತೀರ್ಪು ಕೊಟ್ಟವರ ಅನುಮತಿಯಲ್ಲೇ ಪರೀಕ್ಷೆ ಓಡಿಸಬೇಕು. ಅಡ್ಮಿನ್ ಲಾಗಿನ್‌ನಲ್ಲಿ ಬಂದ ಅಂಕ ಯಾರ ಅನುಭವವೂ ಅಲ್ಲ.

ಬಳಕೆಗೆ ಬಂದ ಮೇಲೆ ಕ್ಲಿಕ್ ಲೆಕ್ಕ ಸಿಗುತ್ತದೆ, ಆದರೆ ಸುಮ್ನೆ ನಂಬೋ ಹಾಗಿಲ್ಲ. ಮೇಲಿದ್ದದ್ದನ್ನು ಜನ ಒತ್ತಿಯೇ ಒತ್ತುತ್ತಾರೆ. ಫೋನ್ ನಂಬರ್ ಪಟ್ಟಿಯಲ್ಲೇ ಕಂಡರೆ ಯಾರೂ ಒತ್ತುವುದಿಲ್ಲ, ಅದು ಸೋಲಲ್ಲ. ಎರಡು ರ‍್ಯಾಂಕಿಂಗ್ ಹೋಲಿಸೋಕೆ ಜನರನ್ನು ಎರಡು ಪಾಲು ಮಾಡುವಷ್ಟು ಬಳಕೆ ನಮ್ಮಲ್ಲಿರಲಿಲ್ಲ. ಹಾಗಾಗಿ ಒಂದೇ ಪಟ್ಟಿಯಲ್ಲಿ ಎರಡರ ಫಲಿತಾಂಶವನ್ನೂ ಹೆಣೆದು, ಯಾರ ಪಾಲಿನದಕ್ಕೆ ಜಾಸ್ತಿ ಕ್ಲಿಕ್ ಬಿತ್ತು ಅಂತ ನೋಡಿದೆವು. ಕಡಿಮೆ ಜನರಿದ್ದಾಗ ಇದೇ ಒಳ್ಳೆಯ ದಾರಿ.

ಈಗಲೂ ಏನೂ ಸಿಗದ ಕ್ವೆರಿಗಳ ಪಟ್ಟಿಯನ್ನು ವಾರಕ್ಕೊಮ್ಮೆ ತೆಗೆಯುತ್ತೇನೆ. ಕೆಲವಕ್ಕೆ ಸಮಾನಪದ ಸೇರಿಸಿದರೆ ಮುಗಿಯಿತು. ಮೊದಲು ಒಂದು ಪದ ಹೊಡೆದು ಸೋತು, ತಕ್ಷಣ ಇನ್ನೊಂದು ಹೊಡೆದು ಗೆದ್ದಿದ್ದರೆ ಆ ಜೋಡಿ ಲಾಗಿನಲ್ಲೇ ಇರುತ್ತದೆ. ಉಳಿದ ಬಹುಪಾಲು ಬೇರೆಯೇ ಕತೆ. ಅವರು ಹುಡುಕುತ್ತಿರುವ ಕಾಗದವನ್ನು ಯಾರೂ ಬರೆದೇ ಇಲ್ಲ. ಆ ಪಟ್ಟಿಯನ್ನು ಆಯಾ ವಿಭಾಗಕ್ಕೆ ಕಳಿಸುತ್ತೇನೆ. ಕೆಲವರು ಬರೆಯುತ್ತಾರೆ, ಕೆಲವರು ಸರ್ಚೇ ಸರಿಯಿಲ್ಲ ಅಂತ ಉತ್ತರಿಸುತ್ತಾರೆ.