ನ್ಯೂಯಾರ್ಕ್ ಮ್ಯಾರಥಾನ್‌ಗೆ ಹಳೇ ಸ್ವೆಟರ್ ತಗೊಂಡು ಹೋಗಿ

ನವೆಂಬರ್ ಮೊದಲ ಭಾನುವಾರ ನ್ಯೂಯಾರ್ಕ್ ಮ್ಯಾರಥಾನ್ ಓಡುವವರಿಗೆ ಒಂದು ಮಾತು. ಓಟಕ್ಕಿಂತ ಮೊದಲು, ಅದು ಶುರುವಾಗುವ ಸ್ಟೇಟನ್ ಐಲೆಂಡ್ ದ್ವೀಪದಲ್ಲಿ ತುಂಬಾ ಹೊತ್ತು ಕಾಯಬೇಕು. ಚಳಿ, ಜೊತೆಗೆ ನೀರಿನ ಕಡೆಯಿಂದ ಗಾಳಿ.

ಒಳಗೆ ಹತ್ತಿ ಬಟ್ಟೆ ಬೇಡವೇ ಬೇಡ. ಬೆವರು ಹೀರಿ ಒದ್ದೆಯಾಗೇ ಉಳಿಯುತ್ತದೆ. ತೆಳು ಮೆರಿನೊ ಉಣ್ಣೆ ಅಥವಾ ಪಾಲಿಯೆಸ್ಟರ್ ಒಳ್ಳೆಯದು. ಕಂಕುಳ ಹತ್ತಿರ ಹೊಲಿಗೆ ಚಪ್ಪಟೆ ಇದೆಯಾ ಅಂತ ಬೆರಳಾಡಿಸಿ ನೋಡಿ. ಉಬ್ಬಿದ್ದರೆ 42 ಕಿ.ಮೀ. ಮುಗಿಯುವಷ್ಟರಲ್ಲಿ ಚರ್ಮ ಸುಲಿದಿರುತ್ತದೆ.

ಮೇಲೆ ಜಿಪ್ ಇರುವ ಹಳೇ ಸ್ವೆಟರ್ ಹಾಕಿ, ತೆಗೆಯೋದು ಸುಲಭ. ಓಟ ಶುರುವಾಗುವ ಮುಂಚೆ ಎಲ್ಲರೂ ಅದನ್ನು ಡಬ್ಬಕ್ಕೆ ಹಾಕುತ್ತಾರೆ, ದಾನಕ್ಕೆ ಹೋಗುತ್ತದೆ. ಎಷ್ಟು ಚಂದದ ಪದ್ಧತಿ ಅಲ್ವಾ! ಸಾಧ್ಯವಾದರೆ ಇನ್ನೊಂದು ಜಾಸ್ತಿ ಇಟ್ಟುಕೊಳ್ಳಿ. ಪಕ್ಕದಲ್ಲಿ ನಡುಗುತ್ತಾ ಕೂತವರಿಗೆ ಕೊಡಬಹುದು.